ಹಳೇ ಪೆಟ್ರೋಲ್ ಬಂಕ್ ಇದ್ದ ಜಾಗ ತಗೊಳ್ಳಬಹುದಾ? ಟ್ಯಾಂಕ್ ತೆಗೆದಾಗಿದೆ ಅಂತಾರೆ

ಸಂಪಿಗೆಮರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೋಸೆ ಪಕ್ಕದ ಊರು. ನಾನು, ನಮ್ಮವರು, ಭಾವ ಮೂವರೂ ಸೇರಿ ಒಂದು ಮೂಲೆ ಜಾಗ ನೋಡಿದ್ದೇವೆ. ಮುಂದೆ ದಿನಸಿ ಅಂಗಡಿ, ಹಿಂದೆ ಮಕ್ಕಳ ಡೇಕೇರ್ ಮಾಡುವ ಯೋಚನೆ. ಬೆಲೆ ಸುತ್ತಮುತ್ತಲಿನದಕ್ಕಿಂತ ಕಡಿಮೆ. ಯಾಕೆ ಅಂತ ಕೇಳಿದ್ದಕ್ಕೆ ಏಜೆಂಟ್ ಸ್ವಲ್ಪ ಕೆಮ್ಮಿ, "ಇಲ್ಲಿ ಬಂಕ್ ಇತ್ತು, 1989ರಲ್ಲಿ ಮುಚ್ಚಿದರು, ಟ್ಯಾಂಕ್ ಎಲ್ಲ ತೆಗೆದಾಗಿದೆ, ಪೇಪರ್ ಕ್ಲಿಯರ್" ಅಂದರು.

ಹೋಗಿ ನೋಡಿದೆವು. ಇಡೀ ಜಾಗಕ್ಕೆ ಡಾಂಬರು. ಒಂದು ಕಡೆ ಬೇರೆ ಬಣ್ಣದ ದೊಡ್ಡ ತೇಪೆ. ಅದರ ಅಂಚಿನಲ್ಲಿ ಊಟದ ತಟ್ಟೆಯಷ್ಟಗಲದ ಎರಡು ಕಬ್ಬಿಣದ ಮುಚ್ಚಳ. ವಾಸನೆ ಏನೂ ಇಲ್ಲ. ಭಾವ "ವಾಸನೆ ಇಲ್ಲ ಅಂದಮೇಲೆ ಇನ್ನೇನು" ಅಂತಾರೆ. ನನಗೆ ಸಮಾಧಾನ ಇಲ್ಲ. ಇಷ್ಟು ವರ್ಷ ಆದಮೇಲೂ ಮಣ್ಣಿನಲ್ಲಿ ಏನಾದರೂ ಉಳಿಯುತ್ತಾ?

ಅರೆಬರೆ

ಪೆಟ್ರೋಲ್ ಒಂದು ಚಮಚ ನೆಲಕ್ಕೆ ಚೆಲ್ಲಿ ನೋಡಿ, ನೋಡ್ತಾ ನೋಡ್ತಾ ಆರಿಹೋಗುತ್ತೆ. ಮೂವತ್ತೈದು ವರ್ಷದ ಮೇಲಾಯ್ತು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ತೀರಾ ಅನುಮಾನ ಇದ್ದರೆ ಜೆಸಿಬಿ ಕರೆಸಿ ನಾಲ್ಕು ಲೋಡ್ ಮಣ್ಣು ಎತ್ತಿಸಿ, ಹೊಸ ಮಣ್ಣು ತುಂಬಿಸಿ. ಮುಗೀತು.

ಮಣ್ಣಿನಮಾತು

ನಾನು ಇದೇ ಕೆಲಸದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ, ಅದೂ ನಿಮ್ಮ ಪಕ್ಕದ ಕೌಂಟಿಯಲ್ಲೇ. ಹಾಗಾಗಿ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆ ಎರಡು ಮುಚ್ಚಳ. ಅವು ಚರಂಡಿಯವಲ್ಲ. ಅದರ ಕೆಳಗೆ ಎರಡು ಅಥವಾ ನಾಲ್ಕು ಇಂಚಿನ ಪಿವಿಸಿ ಪೈಪ್ ಇರುತ್ತದೆ. ಅಂತರ್ಜಲದ ಸ್ಯಾಂಪಲ್ ತೆಗೆಯಲು ಕೊರೆದ ಬಾವಿ ಅದು. ಪುಕ್ಕಟೆಯಾಗಿ ಯಾರೂ ಅದನ್ನು ಕೊರೆಯುವುದಿಲ್ಲ. ಅಂದರೆ ಟ್ಯಾಂಕ್ ತೆಗೆದಾಗ ಗುಂಡಿಯಲ್ಲಿ ಏನೋ ಸಿಕ್ಕಿದೆ, ಯಾರೋ ಕೆಲವು ವರ್ಷ ನೀರು ತೆಗೆದು ನೋಡಿದ್ದಾರೆ. ಕೆಲಸ ಮುಗಿದಮೇಲೆ ಆ ಬಾವಿಯನ್ನು ಸಿಮೆಂಟ್ ತುಂಬಿ ಮುಚ್ಚಬೇಕು. ಮುಚ್ಚಿಲ್ಲ ಅಂದರೆ ಅದೇ ಒಂದು ಪ್ರಶ್ನೆ.

ಇನ್ನು ಆರಿಹೋಗುವ ಮಾತು. ನೆಲದ ಮೇಲೆ ಬಿದ್ದದ್ದು ಆರುತ್ತದೆ, ನಿಜ. ಹತ್ತು ಅಡಿ ಕೆಳಗೆ, ಮೇಲೆ ಡಾಂಬರು ಹೊದಿಸಿದಮೇಲೆ ಅದು ಎಲ್ಲಿಗೆ ಆರಬೇಕು? ಪೆಟ್ರೋಲ್ ನೀರಿಗಿಂತ ಹಗುರ. ಟ್ಯಾಂಕಿನಿಂದ ಸೋರಿದ್ದು ಮಣ್ಣಿನ ಸಂದಿಯಲ್ಲಿ ಇಳಿದು, ಅಂತರ್ಜಲದ ಮೇಲೆ ಹೋಗಿ ಕೂರುತ್ತದೆ. ನೀರು ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ತಿಳಿಸಾರಿನ ಪಾತ್ರೆ ನೋಡಿದ್ದೀರಲ್ಲ, ಸಾರು ಖಾಲಿಯಾಗುತ್ತಾ ಬಂದಂತೆ ಒಗ್ಗರಣೆ ಎಣ್ಣೆ ಪಾತ್ರೆಯ ಗೋಡೆಗೆ ಅಂಟಿಕೊಂಡೇ ಇರುತ್ತೆ. ಮಣ್ಣಿನಲ್ಲೂ ಹಾಗೇ. ಐದಾರು ಅಡಿ ದಪ್ಪದ ಮಣ್ಣಿಗೆ ಮೇಲಿಂದ ಕೆಳಗೆ ಬಳಿದ ಹಾಗೆ ಆಗುತ್ತದೆ. ನಮ್ಮ ಕೆಲಸದಲ್ಲಿ ಇದಕ್ಕೆ ಸ್ಮಿಯರ್ ಝೋನ್ ಅಂತಾರೆ. ಮುಕ್ಕಾಲು ಪಾಲು ತಲೆನೋವು ಇರುವುದು ಇಲ್ಲೇ.

ನಿಮ್ಮ ಜಾಗದ ವಿಷಯದಲ್ಲಿ 1989 ಅಂದ ತಕ್ಷಣ ನನ್ನ ಕಿವಿ ನೆಟ್ಟಗಾಯಿತು. ಕ್ಯಾಲಿಫೋರ್ನಿಯಾದಲ್ಲಿ 1987ರಿಂದ 1992ರವರೆಗೆ ಬರಗಾಲ. ಅಂತರ್ಜಲ ಕೆಳಗೆ ಹೋಗಿದ್ದ ಕಾಲದಲ್ಲಿ ಟ್ಯಾಂಕ್ ತೆಗೆದಿದ್ದಾರೆ. ಪೆಟ್ರೋಲ್ ಕೂಡ ನೀರಿನ ಹಿಂದೆಯೇ ಕೆಳಗೆ ಹೋಗಿರುತ್ತದೆ. ಆಮೇಲೆ ಮಳೆ ಬಂತು, ನೀರು ಏರಿತು. ಕೆಳಗೆ ಅಂಟಿದ ಪೆಟ್ರೋಲ್ ಅಲ್ಲೇ ನೀರಿನಡಿ ಸಿಕ್ಕಿಹಾಕಿಕೊಂಡಿತು. ಅಲ್ಲಿ ಗಾಳಿ ಇಲ್ಲ. ಗಾಳಿ ಇಲ್ಲದ ಕಡೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸುವುದು ಬಹಳ ನಿಧಾನ. ಗುಂಡಿಯ ತಳದಿಂದ ಆ ದಿನ ತೆಗೆದ ಸ್ಯಾಂಪಲ್ ಮಾತ್ರ ನೋಡಿದರೆ ಇದೆಲ್ಲ ಗೊತ್ತಾಗುವುದಿಲ್ಲ.

ಜೆಸಿಬಿ ಬಗ್ಗೆ: ಎಲ್ಲಿದೆ ಅಂತ ಗೊತ್ತಿಲ್ಲದೆ ಅಗೆದರೆ ಒಳ್ಳೆ ಮಣ್ಣಿಗೂ ದುಡ್ಡು ಕೊಟ್ಟು ಎಸೆದು ಬರುತ್ತೀರಿ, ಕೆಟ್ಟದ್ದು ಪಕ್ಕದಲ್ಲೇ ಇರುತ್ತದೆ. ಹೀಗೆ ಆಗಿದ್ದನ್ನು ನಾನೇ ನೋಡಿದ್ದೇನೆ. ಮೊದಲು ಹುಡುಕಲು ಖರ್ಚು ಮಾಡಿ, ಆಮೇಲೆ ಅಗೆಯಲು.

ಬಂಕ್‌ರಾಯ

ಮಣ್ಣಿನಮಾತು ಅವರೇ, ಓದಿ ಮೈ ಜುಮ್ಮೆಂದಿತು. ನಮ್ಮ ಮನೆಯವರು ಚಿತ್ರದುರ್ಗದ ಹತ್ತಿರ ಹೈವೇಯಲ್ಲಿ ಬಂಕ್ ನಡೆಸುತ್ತಿದ್ದರು. ಜಾಗ ನಮ್ಮದು, ಕಂಪನಿಗೆ ಲೀಸ್. ನಾನು ಕಾಲೇಜು ದಿನಗಳಲ್ಲಿ ಬೆಳಗ್ಗೆ ಆರಕ್ಕೆ ಎದ್ದು ಡಿಪ್ ರಾಡ್ ಹಾಕುತ್ತಿದ್ದೆ. ಹಿತ್ತಾಳೆ ಕಡ್ಡಿ, ಅದರ ಮೇಲೆ ಸೆಂಟಿಮೀಟರ್ ಗೆರೆ. ತುದಿಗೆ ನೀರು ಪತ್ತೆ ಮಾಡುವ ಪೇಸ್ಟ್ ಹಚ್ಚಿ ಇಳಿಸುವುದು. ಟ್ಯಾಂಕಿನ ತಳದಲ್ಲಿ ನೀರಿದ್ದರೆ ಪೇಸ್ಟಿನ ಬಣ್ಣ ಬದಲಾಗುತ್ತೆ. ಎಷ್ಟು ಸೆಂಟಿಮೀಟರ್ ಅಂತ ನೋಡಿ, ಗೋಡೆಗೆ ಅಂಟಿಸಿದ ಚಾರ್ಟಿನಲ್ಲಿ ಲೀಟರ್ ಲೆಕ್ಕ ತೆಗೆದು ರಿಜಿಸ್ಟರಿಗೆ ಬರೆಯಬೇಕು.

ದಿನಾ ಮೂರು ನಾಲ್ಕು ಲೀಟರ್ ಕಡಿಮೆ ಬರುತ್ತಿತ್ತು. ಅಪ್ಪ "ಆವಿ ಆಗಿರುತ್ತೆ ಬಿಡೋ" ಅನ್ನುತ್ತಿದ್ದರು. ಬಿಸಿಲಿನ ಊರು, ನಂಬುವ ಮಾತೇ. ಈಗ ಕೂತು ಲೆಕ್ಕ ಹಾಕಿದರೆ ದಿನಕ್ಕೆ ಮೂರು ಲೀಟರ್ ಅಂದರೆ ವರ್ಷಕ್ಕೆ ಸಾವಿರ ಲೀಟರ್ ಮೇಲೆ. ಎಲ್ಲ ಆವಿಯೇ ಆಗಿತ್ತಾ?

ಲೀಸ್ ಮುಗಿದು ಟ್ಯಾಂಕ್ ತೆಗೆದು ಒಂಬತ್ತು ವರ್ಷ ಆಯಿತು. ಗುಂಡಿಗೆ ಗರಸು ತುಂಬಿ ಹೋದರು. ಹಿಂದಿನ ಮನೆಯ ಬೋರ್‌ವೆಲ್ ನೀರಲ್ಲಿ ಈಗಲೂ ಒಮ್ಮೊಮ್ಮೆ ಸೀಮೆಎಣ್ಣೆ ಥರ ವಾಸನೆ. ಅದೂ ಮಳೆಗಾಲ ಕಳೆದಮೇಲೆ ಜಾಸ್ತಿ. ಬಿಸಿನೀರು ಹಂಡೆಗೆ ಬಿಟ್ಟಾಗ ಬಚ್ಚಲೆಲ್ಲ ವಾಸನೆ. ಕಂಪನಿಯವರಿಗೆ ಪತ್ರ ಬರೆದೆವು. "ನಮ್ಮ ಟ್ಯಾಂಕಿಗೂ ನಿಮ್ಮ ಬೋರಿಗೂ ಸಂಬಂಧವಿಲ್ಲ" ಅಂತ ಒಂದು ಸಾಲಿನ ಉತ್ತರ ಬಂತು.

ಮಣ್ಣಿನಮಾತು

ಬಂಕ್‌ರಾಯರೇ, ಮೊದಲು ಒಂದು ಮಾತು. ಆ ನೀರನ್ನು ಕುಡಿಯಬೇಡಿ, ಅಡುಗೆಗೂ ಬೇಡ. ಬಚ್ಚಲಲ್ಲಿ ಬಿಸಿ ಮಾಡಿದಾಗ ವಾಸನೆ ಏಳುತ್ತೆ ಅಂದರೆ ನೀವು ಅದನ್ನು ಉಸಿರಾಡುತ್ತಲೂ ಇದ್ದೀರಿ. ಪೆಟ್ರೋಲಿನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರ್ ತರುವ ವಸ್ತು, ಅದರಲ್ಲಿ ಅನುಮಾನ ಇಲ್ಲ.

ಪ್ರಮಾಣ ಗೊತ್ತಾಗಲಿ ಅಂತ ಒಂದು ಲೆಕ್ಕ ಹೇಳುತ್ತೇನೆ. ಅಮೆರಿಕದಲ್ಲಿ ಕುಡಿಯುವ ನೀರಿಗೆ ಬೆಂಜೀನ್ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಪೆಟ್ರೋಲಿನಲ್ಲಿ 1% ಬೆಂಜೀನ್ ಇದೆ ಅಂತ ಇಟ್ಟುಕೊಂಡರೆ, ಒಂದು ಲೀಟರ್ ಪೆಟ್ರೋಲಿನಲ್ಲಿ ಇರುವ ಬೆಂಜೀನ್ ಸುಮಾರು 17 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸಲು ಸಾಕು. ಬೆಂಗಳೂರಿನ 12,000 ಲೀಟರ್ ನೀರಿನ ಟ್ಯಾಂಕರ್ ಲೆಕ್ಕದಲ್ಲಿ 145ರ ಆಸುಪಾಸು ಟ್ಯಾಂಕರ್. ಒಂದು ಲೀಟರಿಗೆ.

ಮಳೆ ಕಳೆದಮೇಲೆ ಜಾಸ್ತಿ ಅನ್ನುವುದಕ್ಕೂ ಕಾರಣ ಇರಬಹುದು. ನೀರಿನ ಮಟ್ಟ ಏರಿ ಬಂದು, ಆ ಬಳಿದ ಮಣ್ಣನ್ನು ತೊಳೆಯುತ್ತದೆ.

ನಿಮ್ಮ ಕಡೆ ಕಷ್ಟ ಬೇರೆ. ಇಲ್ಲಿ ಮರಳು, ಜೇಡಿ ಪದರಗಳು. 1995ರಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಕ್ಯಾಲಿಫೋರ್ನಿಯಾದ ಸೋರಿಕೆ ಜಾಗಗಳನ್ನು ಅಧ್ಯಯನ ಮಾಡಿ, ಬೆಂಜೀನ್ ಸಾಮಾನ್ಯವಾಗಿ ಟ್ಯಾಂಕಿನಿಂದ 250 ಅಡಿ ದಾಟಿ ಹೋಗುವುದು ಅಪರೂಪ ಅಂತ ಕಂಡುಕೊಂಡರು. ದಾರಿಯಲ್ಲೇ ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ನಿಮ್ಮ ಕಡೆ ಗರಸು ಮುಗಿದರೆ ಬಂಡೆ. ಬಂಡೆಯ ಬಿರುಕಿನಲ್ಲಿ ಹೊಕ್ಕ ಪೆಟ್ರೋಲ್ ಯಾವ ಕಡೆ ಹೋಗುತ್ತೆ ಅಂತ ಹೇಳುವುದು ಕಷ್ಟ. ಪಕ್ಕದ ಬೋರಿಗೆ ಬರದೆ ಅದರಾಚೆಯ ಬೋರಿಗೆ ಬಂದ ಉದಾಹರಣೆ ಇರುತ್ತದೆ. ಆ 250 ಅಡಿ ಲೆಕ್ಕವನ್ನು ಚಿತ್ರದುರ್ಗಕ್ಕೆ ತರಬೇಡಿ.

ಅರೆಬರೆ

ಸರಿ, ಸೋರಿದ್ದು ಉಳಿಯುತ್ತೆ ಅಂತ ಒಪ್ಪಿದೆ. ಆದರೆ ಸಂಪಿಗೆಮರ ಅವರ ಜಾಗದಲ್ಲಿ ಪೇಪರ್ ಕ್ಲಿಯರ್ ಇದೆ ಅಂದಿದ್ದಾರಲ್ಲ. ಸರ್ಕಾರವೇ ಕೇಸ್ ಮುಚ್ಚಿದೆ ಅಂದಮೇಲೆ ನಾವ್ಯಾಕೆ ಕೆದಕಬೇಕು?

ಲೆಕ್ಕಪತ್ರ

ಕೆದಕಬೇಕು, ಯಾಕೆಂದರೆ ಕೊಂಡಮೇಲೆ ಜಾಗ ನಿಮ್ಮ ತಲೆಗೆ ಬರುತ್ತೆ. ನಾನು ಆಸ್ತಿ ವ್ಯವಹಾರದ ಸಾಲದ ಕಡತ ನೋಡುವವನು, ವಕೀಲ ಅಲ್ಲ.

ಇಲ್ಲಿ ಜನ ಒಂದು ತಪ್ಪು ಮಾಡುತ್ತಾರೆ. ವಿಷ ತುಂಬಿದ ಜಾಗ ಅಂದರೆ ಎಲ್ಲರಿಗೂ 1980ರ ಸೂಪರ್‌ಫಂಡ್ ಕಾನೂನು ನೆನಪಾಗುತ್ತೆ. ಆ ಕಾನೂನಿನಲ್ಲಿ ಪೆಟ್ರೋಲಿಯಂ ಅನ್ನು ಹೊರಗಿಟ್ಟಿದ್ದಾರೆ. ನೆಲದಡಿ ಟ್ಯಾಂಕಿಗೆ ಬೇರೆ ಕಾನೂನು 1984ರಲ್ಲಿ ಬಂತು. ನಿಯಮಗಳು 1988ರಲ್ಲಿ. ಬರೀ ಕಬ್ಬಿಣದ ಹಳೇ ಟ್ಯಾಂಕುಗಳಿಗೆ ತುಕ್ಕು ತಡೆಯುವ ವ್ಯವಸ್ಥೆ ಮಾಡಿ, ಇಲ್ಲ ಬದಲಿಸಿ, ಇಲ್ಲ ಮುಚ್ಚಿ ಅಂತ 1998ರ ಡಿಸೆಂಬರ್ 22ರವರೆಗೆ ಗಡುವು ಕೊಟ್ಟರು. ಆ ಹತ್ತು ವರ್ಷದಲ್ಲಿ ಅಗೆದ ಗುಂಡಿಗಳಲ್ಲೇ ಎಷ್ಟೋ ಸೋರಿಕೆ ಬೆಳಕಿಗೆ ಬಂದವು. ಇವತ್ತಿಗೆ ಇಡೀ ಅಮೆರಿಕದಲ್ಲಿ ಖಚಿತವಾದ ಸೋರಿಕೆ 5 ಲಕ್ಷ 60 ಸಾವಿರಕ್ಕಿಂತ ಜಾಸ್ತಿ. ಅದರಲ್ಲಿ 5 ಲಕ್ಷಕ್ಕಿಂತ ಹೆಚ್ಚು ಸ್ವಚ್ಛವಾಗಿವೆ ಅಂತ ಲೆಕ್ಕ. ಉಳಿದವು ಬಾಕಿ.

ಕ್ಯಾಲಿಫೋರ್ನಿಯಾದಲ್ಲಿ ಸ್ವಚ್ಛತೆಗೆ ರಾಜ್ಯದ ಒಂದು ನಿಧಿ ಇದೆ. ಟ್ಯಾಂಕಿಗೆ ತುಂಬುವ ಪ್ರತಿ ಗ್ಯಾಲನ್‌ಗೆ 2 ಸೆಂಟ್‌ನಂತೆ ಶುಲ್ಕ ಸೇರಿಸಿ ಅದು ನಡೆಯುತ್ತದೆ. ಹಳೇ ಮಾಲೀಕರು ಅದಕ್ಕೆ ಅರ್ಜಿ ಹಾಕಿದ್ದರಾ ಅಂತ ಕೇಳಿ. ಹಾಕಿದ್ದರೆ ಕಡತ ದಪ್ಪ ಇರುತ್ತೆ, ಓದಲು ಸಾಮಗ್ರಿ ಸಿಗುತ್ತೆ.

ಮತ್ತೆ ಸಹಿ ಹಾಕುವ ಮುಂಚೆ ಫೇಸ್ ಒನ್ ವರದಿ ಮಾಡಿಸಿ, ಅಂದರೆ ಜಾಗದ ಹಳೇ ದಾಖಲೆ, ನಕ್ಷೆ ಎಲ್ಲ ನೋಡಿ ಮಣ್ಣು ಕೆಟ್ಟಿರಬಹುದಾ ಅಂತ ಹೇಳುವ ವರದಿ. ಬ್ಯಾಂಕ್ ಹೇಗೂ ಕೇಳುತ್ತೆ. ಮಾರುವವರು ಕೊಟ್ಟ ಹಳೇ ವರದಿ ಸಾಲದು, ಅದಕ್ಕೆ ಅವಧಿ ಇದೆ.

ಮಣ್ಣಿನಮಾತು

ಅರೆಬರೆ ಅವರ ಪ್ರಶ್ನೆ ಒಳ್ಳೆಯದು, ಬಹಳ ಜನ ಇಲ್ಲೇ ಎಡವುತ್ತಾರೆ. ಕೇಸ್ ಮುಚ್ಚಿದೆ ಅಂದರೆ ಮಣ್ಣು ಶುದ್ಧ ಆಯಿತು ಅಂತಲ್ಲ. "ಈಗಿನ ಬಳಕೆಗೆ ಇಷ್ಟು ಉಳಿದರೂ ತೊಂದರೆ ಇಲ್ಲ" ಅಂತ ಅರ್ಥ. ಈಗಿನ ಬಳಕೆ ಅನ್ನುವ ಮಾತನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಪಾರ್ಕಿಂಗ್ ಜಾಗಕ್ಕೆ ಒಪ್ಪಿದ್ದು ಮಕ್ಕಳು ತೆವಳುವ ಕೋಣೆಗೆ ಒಪ್ಪಬೇಕಿಲ್ಲ.

ರಾಜ್ಯದ ಜಲಮಂಡಳಿಯ ಜಿಯೋಟ್ರ್ಯಾಕರ್ ಅನ್ನುವ ನಕ್ಷೆ ಎಲ್ಲರಿಗೂ ಮುಕ್ತ. ವಿಳಾಸ ಹಾಕಿ. ಕೇಸ್ ಮುಚ್ಚಿದ ಪತ್ರ ಇಳಿಸಿಕೊಂಡು ಕೊನೇ ಪುಟ ಓದಿ. ಅಲ್ಲಿ ಎಷ್ಟು ಉಳಿದಿದೆ, ಬಳಕೆ ಬದಲಾದರೆ ಮತ್ತೆ ಪರಿಶೀಲಿಸಬೇಕು ಅಂತೆಲ್ಲ ಬರೆದಿರುತ್ತಾರೆ.

2012ರಲ್ಲಿ ಇಂಥ ಕಡಿಮೆ ಅಪಾಯದ ಕೇಸ್‌ಗಳನ್ನು ಮುಚ್ಚಲು ರಾಜ್ಯ ಒಂದು ನೀತಿ ತಂದಿತು. ಕಟ್ಟಡದ ಪಾಯದ ಕೆಳಗೆ ಎಷ್ಟು ಅಡಿ ಶುದ್ಧ ಮಣ್ಣು ಇರಬೇಕು ಅಂತ ಅದರಲ್ಲಿ ಇದೆ. ನೀರಿನಲ್ಲಿ ಕರಗಿದ ಬೆಂಜೀನ್ ಕಡಿಮೆ ಇದ್ದರೆ 5 ಅಡಿ ಸಾಕು. ಪೆಟ್ರೋಲ್ ತೇಲುತ್ತಲೇ ಇದ್ದರೆ 30 ಅಡಿ. ಅಂತರ ನೋಡಿ. ಗಾಳಿಯಾಡುವ ಮಣ್ಣಿನಲ್ಲಿ ಪೆಟ್ರೋಲ್ ಆವಿಯನ್ನು ಸೂಕ್ಷ್ಮಜೀವಿಗಳು ಕೆಲವೇ ಅಡಿಗಳಲ್ಲಿ ತಿಂದುಬಿಡುತ್ತವೆ. ಡ್ರೈಕ್ಲೀನಿಂಗ್ ಅಂಗಡಿಯ ಕೆಮಿಕಲ್ ಹಾಗಲ್ಲ, ಅದು ನೇರ ಮೇಲೆ ಬರುತ್ತೆ. ಆ ಲೆಕ್ಕದಲ್ಲಿ ನೀವು ಪುಣ್ಯವಂತರು, ಸಂಪಿಗೆಮರ.

ಸೂಕ್ಷ್ಮದರ್ಶಿ

ಧಾರವಾಡದಿಂದ ನಮಸ್ಕಾರ. ನಾನು ಮೈಕ್ರೋಬಯಾಲಜಿ ಓದುತ್ತಿದ್ದೇನೆ. ಎಲ್ಲರೂ ಸೂಕ್ಷ್ಮಜೀವಿ ಅಂತಿದ್ದೀರಿ, ಹಾಗಾದರೆ ಬ್ಯಾಕ್ಟೀರಿಯಾ ತಂದು ಸುರಿದರೆ ಆಗಲ್ವಾ? ನಮ್ಮ ದೇಶದವರೇ ಆದ ಆನಂದ ಮೋಹನ ಚಕ್ರವರ್ತಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಮಾಡಿದ್ದರು. ಜೀವಿಗೂ ಪೇಟೆಂಟ್ ಕೊಡಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ ತೀರ್ಪು ಕೊಟ್ಟಿದ್ದು ಅದರ ಮೇಲೇ. ದೆಹಲಿಯ ಟೆರಿ ಸಂಸ್ಥೆಯವರ ಆಯಿಲ್‌ಝ್ಯಾಪರ್ ಕೂಡ ಇದೆ.

ಮಣ್ಣಿನಮಾತು

ತಮ್ಮಾ, ಆಯಿಲ್‌ಝ್ಯಾಪರ್ ತೈಲ ಕಂಪನಿಗಳ ಗಟ್ಟಿ ಕೆಸರಿಗೆ ಒಳ್ಳೆಯದು. ಪೆಟ್ರೋಲ್ ಬೇರೆ ಥರ. ಅದು ಹಗುರ, ತಿನ್ನಲು ಸುಲಭ, ತಿನ್ನುವ ಜೀವಿಗಳು ಬಹುತೇಕ ಎಲ್ಲ ಮಣ್ಣಿನಲ್ಲೂ ಮೊದಲೇ ಇವೆ. ಊಟಕ್ಕೆ ಕೂತವರಿಗೆ ಕೊರತೆ ಇಲ್ಲ, ಉಸಿರಿಗೆ ಕೊರತೆ.

ಒಂದು ಕೆಜಿ ಪೆಟ್ರೋಲ್ ಪೂರ್ತಿ ತಿಂದು ಮುಗಿಸಲು ಮೂರು ಕೆಜಿ ಮೇಲೆ ಆಮ್ಲಜನಕ ಬೇಕು. ನೀರಿನ ಮೂಲಕ ಕೊಡುತ್ತೇನೆ ಅಂದರೆ, ಲೀಟರ್ ನೀರಿನಲ್ಲಿ ಕರಗಿರುವುದು 9 ಮಿಲಿಗ್ರಾಂ ಆಸುಪಾಸು. ಅಂದರೆ ಒಂದು ಕೆಜಿಗೆ ಸುಮಾರು ಮೂರೂವರೆ ಲಕ್ಷ ಲೀಟರ್ ನೀರು. ಅದೇ ಗಾಳಿಯಲ್ಲಿ? ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಅರ್ಧ ಗಾಳಿ ಸಾಕು. ಈ ಒಂದು ಲೆಕ್ಕ ತಲೆಗೆ ಹೋದರೆ ನಮ್ಮ ಕೆಲಸದ ಅರ್ಧ ಅರ್ಥ ಆದಂತೆ. ಅದಕ್ಕೇ ನಾವು ಮಣ್ಣಿಗೆ ಗಾಳಿ ಊದುತ್ತೇವೆ. ಮೊದಮೊದಲು ಎಲ್ಲರೂ ನೀರು ಎತ್ತಿ ಎತ್ತಿ ಶುದ್ಧ ಮಾಡುತ್ತಿದ್ದರು. ವರ್ಷಗಟ್ಟಲೆ ಪಂಪ್ ಓಡಿದರೂ ಮಣ್ಣಿಗೆ ಅಂಟಿದ್ದು ಬಿಡುತ್ತಿರಲಿಲ್ಲ. ಪಂಪ್ ನಿಲ್ಲಿಸಿದ ತಕ್ಷಣ ಬೆಂಜೀನ್ ಮತ್ತೆ ಏರುತ್ತಿತ್ತು.

ಈಗ ಮಾಡುವುದು ಹೀಗೆ. ನೀರಿನ ಮೇಲಿನ ಒಣ ಮಣ್ಣಿಗೆ ಪೈಪ್ ಇಳಿಸಿ, ಬ್ಲೋವರ್‌ನಿಂದ ಆವಿ ಹೀರುತ್ತೇವೆ. ಬಂದ ಆವಿಯನ್ನು ಇದ್ದಿಲು ತುಂಬಿದ ಡ್ರಮ್ಮಿನ ಮೂಲಕ ಹಾಯಿಸಿ ಹೊರಗೆ ಬಿಡುತ್ತೇವೆ. ಆವಿ ತೀರಾ ಜಾಸ್ತಿ ಇದ್ದರೆ ಸುಟ್ಟುಬಿಡುತ್ತೇವೆ. ಹೀರಿದಷ್ಟೂ ಹೊಸ ಗಾಳಿ ಮಣ್ಣಿನೊಳಗೆ ನುಗ್ಗುತ್ತೆ, ಜೀವಿಗಳಿಗೆ ಹಬ್ಬ. ನೀರಿನ ಕೆಳಗೆ ಸಿಕ್ಕಿದ್ದಕ್ಕೆ ಕೆಳಗಿಂದ ಗಾಳಿ ಗುಳ್ಳೆ ಬಿಡುವುದೂ ಉಂಟು. ಮರಳಾದರೆ ಚೆನ್ನಾಗಿ ನಡೆಯುತ್ತೆ. ಜೇಡಿ ಆದರೆ ಗಾಳಿ ಬಿರುಕು ಹಿಡಿದು ಓಡಿಹೋಗುತ್ತೆ, ಮಣ್ಣು ಹಾಗೇ ಉಳಿಯುತ್ತೆ. ಅಲ್ಲಿ ಅಗೆಯುವುದೇ ಸರಿ. ಅರೆಬರೆ ಅವರ ಜೆಸಿಬಿಗೆ ಜಾಗ ಅಲ್ಲಿದೆ.

ಲೆಕ್ಕಪತ್ರ

ಎಂಟಿಬಿಇ ಬಗ್ಗೆ ಹೇಳಲಿಲ್ಲವಲ್ಲ?

ಮಣ್ಣಿನಮಾತು

ಹೌದು, ಅದು ಬೇರೆಯೇ ಕಥೆ. ಪೆಟ್ರೋಲ್ ಚೆನ್ನಾಗಿ ಉರಿಯಲಿ ಅಂತ ಬೆರೆಸುತ್ತಿದ್ದರು. ಮಣ್ಣಿಗೆ ಅಂಟುವುದಿಲ್ಲ, ನೀರಿನಲ್ಲಿ ಬೇಗ ಕರಗುತ್ತೆ, ನೀರಿನಷ್ಟೇ ವೇಗವಾಗಿ ಹೋಗುತ್ತೆ. ಲಾಸ್ ಏಂಜಲೀಸ್ ಪಕ್ಕದ ಸ್ಯಾಂಟಾ ಮೋನಿಕಾ ಊರು 1996ರಲ್ಲಿ ಇದರಿಂದಾಗಿ ತನ್ನ ಕುಡಿಯುವ ನೀರಿನ ಬಾವಿಗಳನ್ನು ಮುಚ್ಚಬೇಕಾಯಿತು. ಊರಿನ ನೀರಿನಲ್ಲಿ ಅರ್ಧದಷ್ಟು ಹೋಯಿತು. ಬಾವಿ ಮತ್ತೆ ಬಳಕೆಗೆ ಬರಲು ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ರಾಜ್ಯದಲ್ಲಿ 2003ರ ಕೊನೆಗೆ ಅದರ ಬಳಕೆ ನಿಂತಿತು. ಸಂಪಿಗೆಮರ ಅವರ ಬಂಕ್ 1989ಕ್ಕೇ ಮುಚ್ಚಿದ್ದರಿಂದ ಇದು ಜಾಸ್ತಿ ಇರಲಿಕ್ಕಿಲ್ಲ. ಆದರೂ ನೋಡಿಸಿ.

ಅಂದಹಾಗೆ ಈಗ ಭಾರತದಲ್ಲಿ 20% ಎಥನಾಲ್ ಬೆರೆಸುತ್ತಿದ್ದಾರೆ. ಎಥನಾಲ್ ಸೋರಿದರೆ ಸೂಕ್ಷ್ಮಜೀವಿಗಳು ಮೊದಲು ಅದನ್ನೇ ತಿನ್ನುತ್ತವೆ. ಸಿಹಿ ಇಟ್ಟರೆ ಮಕ್ಕಳು ಪಲ್ಯ ಮುಟ್ಟುತ್ತಾರಾ? ಇದ್ದ ಆಮ್ಲಜನಕ ಅದಕ್ಕೇ ಖರ್ಚಾಗಿ, ಬೆಂಜೀನ್ ಇನ್ನಷ್ಟು ದೂರ ಹೋಗುವ ಸಾಧ್ಯತೆ ಇರುತ್ತೆ.

ಸಂಪಿಗೆಮರ (ಆರು ವಾರದ ನಂತರ)

ತಡ ಆಯಿತು, ಕ್ಷಮಿಸಿ. ಹೇಳಲು ಬಹಳ ಇದೆ.

ಫೇಸ್ ಒನ್ ಮಾಡಿಸಿದೆವು. ಅದರಲ್ಲಿ ಸ್ಯಾನ್‌ಬಾರ್ನ್ ನಕ್ಷೆ ಅಂತ ಕೊಟ್ಟರು. ಬೆಂಕಿ ವಿಮೆಗಾಗಿ ಊರೂರಿನ ಕಟ್ಟಡ ಬರೆದಿಟ್ಟ ಹಳೇ ನಕ್ಷೆ, ಇಟ್ಟಿಗೆ ಕಟ್ಟಡ ಗುಲಾಬಿ, ಮರದ್ದು ಹಳದಿ. ನಮ್ಮ ಜಾಗದ 1950ರ ನಕ್ಷೆಯಲ್ಲಿ ಬಂಕ್ ಇದೆ. ಆದರೆ ಟ್ಯಾಂಕಿನ ಪುಟ್ಟ ವೃತ್ತಗಳು ಡಾಂಬರು ತೇಪೆಯ ಹತ್ತಿರ ಇಲ್ಲ! ಎದುರು ಮೂಲೆಯಲ್ಲಿ, ನಾವು ಡೇಕೇರ್ ಮಾಡಬೇಕು ಅಂದುಕೊಂಡ ಜಾಗದಲ್ಲೇ ಇವೆ. ಅಂದರೆ ಅಲ್ಲಿ ಎರಡು ತಲೆಮಾರಿನ ಬಂಕ್ ಇತ್ತು. 1989ರಲ್ಲಿ ತೆಗೆದದ್ದು ಎರಡನೆಯದರ ಟ್ಯಾಂಕ್. ಮೊದಲನೆಯದನ್ನು ಎಲ್ಲರೂ ಮರೆತಿದ್ದರು.

ಮಣ್ಣಿನಮಾತು ಅಕ್ಕ ಫೋನಿನಲ್ಲಿ ಹೇಳಿದಂತೆ ಪುಟ್ಟ ತಳ್ಳುಗಾಡಿ ಥರದ ರಡಾರ್ ತರಿಸಿದೆವು. ಒಬ್ಬರು ಅದನ್ನು ಹುಲ್ಲು ಕತ್ತರಿಸುವ ಯಂತ್ರದ ಹಾಗೆ ಹಿಂದೆ ಮುಂದೆ ತಳ್ಳಿದರು. ಎರಡು ಕಡೆ ಪರದೆಯಲ್ಲಿ ಕಮಾನಿನ ಆಕಾರ ಬಂತು. ಎರಡು ಟ್ಯಾಂಕ್ ಇನ್ನೂ ಅಲ್ಲೇ ಇವೆ.

ಆಮೇಲೆ ಮಣ್ಣು ತೆಗೆದ ದಿನ. ಟ್ರ್ಯಾಕ್ಟರ್‌ಗಿಂತ ಚಿಕ್ಕ ಗಾಡಿ, ಅದರ ಸುತ್ತಿಗೆ ಕಬ್ಬಿಣದ ಕೊಳವೆಯನ್ನು ನೆಲಕ್ಕೆ ಕುಟ್ಟಿ ಇಳಿಸುತ್ತೆ. ಮೇಲೆ ಎಳೆದಾಗ ಒಳಗೆ ಪ್ಲಾಸ್ಟಿಕ್ ಕೊಳವೆ, ಅದರೊಳಗೆ ಮಣ್ಣು, ಕಬ್ಬಿನ ಜಲ್ಲೆ ಥರ. ಕೊಕ್ಕೆ ಚಾಕುವಿನಿಂದ ಉದ್ದಕ್ಕೆ ಸೀಳಿದರು. ಮೊದಲ ಕೊಳವೆಯದು ಕಂದು ಮಣ್ಣು, ಒಳ್ಳೆ ತೋಟದ ಮಣ್ಣಿನ ಹಾಗೆ. ಎರಡನೆಯದೂ ಅದೇ. ಮೂರನೆಯದನ್ನು ಸೀಳಿದಾಗ ಹನ್ನೊಂದನೇ ಅಡಿಯ ಹತ್ತಿರ ಬಣ್ಣ ಚಾಕುವಿನಲ್ಲಿ ಕತ್ತರಿಸಿದ ಹಾಗೆ ಬದಲಾಯಿತು. ಬೂದು, ಅದರಲ್ಲಿ ಹಸಿರು ಛಾಯೆ. ಹಿಡಿ ಮಣ್ಣನ್ನು ಜಿಪ್ ಕವರಿಗೆ ಹಾಕಿ ಐದು ನಿಮಿಷ ಬಿಸಿಲಿಗೆ ಇಟ್ಟರು. ಆವಿ ಅಳೆಯುವ ಪಿಐಡಿ ಅನ್ನುವ ಮೀಟರಿನ ಮೂತಿ ಚುಚ್ಚಿದರು. ಕಂದು ಮಣ್ಣಿಗೆ 2, 3 ಅಂತ ತೋರಿಸಿದ್ದು ಈ ಬೂದು ಮಣ್ಣಿಗೆ 900 ದಾಟಿತು. ಭಾವ ಕವರಿನ ಬಾಯಿಗೆ ಮೂಗು ಇಡಲು ಹೋದರು. ಡ್ರಿಲ್ಲರ್ ಕೈ ಅಡ್ಡ ಹಿಡಿದು ತಡೆದರು. ಆದರೂ ಒಂದು ಎಳೆ ವಾಸನೆ ನಮಗೆಲ್ಲ ಬಂತು. ಹಳೇ ವಾರ್ನಿಷ್ ಡಬ್ಬಿ ಥರ. ಭಾವ ಆಮೇಲೆ ಕಾರಿನಲ್ಲಿ ಮಾತೇ ಆಡಲಿಲ್ಲ.

ಮಣ್ಣಿನಮಾತು

ಬೂದು ಹಸಿರು ಬಣ್ಣ ಅಂದರೆ ಅಲ್ಲಿ ಜೀವಿಗಳು ಇದ್ದ ಆಮ್ಲಜನಕ ಎಲ್ಲ ಖಾಲಿ ಮಾಡಿ, ಮಣ್ಣಿನ ಕಬ್ಬಿಣದ ತುಕ್ಕನ್ನೂ ಬಿಡದೆ ಬಳಸಿವೆ ಅಂತ. ಕಂದು ಬಣ್ಣ ಆ ತುಕ್ಕಿನದೇ. ಹಸಿದು ಕೂತಿದ್ದಾವೆ ಪಾಪ, ತಿಂದು ಮುಗಿಸಲು ಗಾಳಿ ಇಲ್ಲ. ಲ್ಯಾಬ್ ಏನು ಹೇಳಿತು?

ಸಂಪಿಗೆಮರ

ಹನ್ನೆರಡು ಅಡಿಯಲ್ಲಿ ಬೆಂಜೀನ್ ಕೆಜಿಗೆ 4 ಮಿಲಿಗ್ರಾಂ. ಮೇಲಿನ ಐದು ಅಡಿಯಲ್ಲಿ ಏನೂ ಸಿಕ್ಕಿಲ್ಲ. ಪರೀಕ್ಷೆ ಮಾಡಿದವರು ಮನೆ ಬಳಕೆಗೆ ಮೇಲಿನ ಐದು ಅಡಿಗೆ 1.9 ಮಿಲಿಗ್ರಾಂ ಮಿತಿ ಅಂತಾರೆ, ಅದರೊಳಗೆ ಇದ್ದೇವೆ. ನೀರಿನ ಫಲಿತಾಂಶ ಇನ್ನೂ ಬಂದಿಲ್ಲ.

ಮಣ್ಣಿನಮಾತು

ನೀರಿನ ಫಲಿತಾಂಶ ಬರುವ ತನಕ ಖುಷಿಯೂ ಬೇಡ, ಅಳುವೂ ಬೇಡ. 1950ರ ಟ್ಯಾಂಕ್ ಅಂದರೆ ಸೀಸ ಬೆರೆಸಿದ ಪೆಟ್ರೋಲ್ ಕಾಲ. ಮಣ್ಣಿನಲ್ಲಿ ಸೀಸ, ನೀರಿನಲ್ಲಿ ಎಥಿಲೀನ್ ಡೈಬ್ರೋಮೈಡ್, ಎರಡನ್ನೂ ಲ್ಯಾಬಿಗೆ ಕೇಳಿದ್ದೀರಾ? ಸೀಸ ಇಂಜಿನ್ನಿನಲ್ಲಿ ಕೂರದಿರಲಿ ಅಂತ ಈ ಡೈಬ್ರೋಮೈಡ್ ಅನ್ನು ಜೊತೆಗೆ ಹಾಕುತ್ತಿದ್ದರು. ಅದರ ಮಿತಿ ಬೆಂಜೀನಿಗಿಂತ ನೂರು ಪಟ್ಟು ಬಿಗಿ, ಲೀಟರಿಗೆ 0.05 ಮೈಕ್ರೋಗ್ರಾಂ. ಮಾಮೂಲಿ ಪಟ್ಟಿಯ ಪರೀಕ್ಷೆ ಅಷ್ಟು ಕಡಿಮೆ ಮಟ್ಟಕ್ಕೆ ಇಳಿಯುವುದಿಲ್ಲ, ಬೇರೆ ಪರೀಕ್ಷೆ ಹೇಳಬೇಕು.

ಲೆಕ್ಕಪತ್ರ

ವ್ಯವಹಾರ ಎಲ್ಲಿಗೆ ಬಂತು? ಕೊಳ್ಳುವ ಮುಂಚೆ ಆ ಟ್ಯಾಂಕ್ ಮಾರುವವರೇ ತೆಗೆಸಬೇಕು. ಅದನ್ನು ಬಿಟ್ಟುಕೊಡಬೇಡಿ.

ಸಂಪಿಗೆಮರ

ಅದನ್ನೇ ಹೇಳಿದೆವು. ಮಾರುವವರಿಗೂ ಆಶ್ಚರ್ಯ, ಅವರು 2001ರಲ್ಲಿ ಕೊಂಡವರು. ಅವರ ಖರ್ಚಿನಲ್ಲೇ ಕೌಂಟಿ ಪರ್ಮಿಟ್ ತೆಗೆದು ಟ್ಯಾಂಕ್ ಎತ್ತಿಸುತ್ತಾರೆ. ನಾವು ಕರಾರನ್ನು ಆರು ತಿಂಗಳು ಮುಂದಕ್ಕೆ ಹಾಕಿದ್ದೇವೆ. ಮುಂಗಡ ಮೂರನೆಯವರ ಖಾತೆಯಲ್ಲಿದೆ. ಡೇಕೇರ್ ಯೋಚನೆ ಸದ್ಯಕ್ಕೆ ಬಿಟ್ಟೆವು. ಅಕ್ಕ ಬೇಡ ಅನ್ನಲಿಲ್ಲ, ನಮಗೇ ಮನಸ್ಸು ಬರಲಿಲ್ಲ.

ಅರೆಬರೆ

ಟ್ಯಾಂಕ್ ಎತ್ತುವಾಗ ಸಿಡಿಯುವುದಿಲ್ವಾ? ಇದು ನಿಜವಾದ ಅನುಮಾನ, ವಾದಕ್ಕಲ್ಲ.

ಮಣ್ಣಿನಮಾತು

ಸಿಡಿಯಬಹುದು, ಅದಕ್ಕೇ ಅವತ್ತು ಎಲ್ಲರಿಗೂ ಭಯ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ, ಒಳಗೆ ಆವಿ ತುಂಬಿರುತ್ತೆ. ಮೊದಲು ತಳದ ಕೆಸರು ಹೀರಿ ತೊಳೆಯುತ್ತಾರೆ. ಆಮೇಲೆ ಡ್ರೈ ಐಸ್ ಹಾಕುತ್ತಾರೆ, ಸಾವಿರ ಗ್ಯಾಲನ್‌ಗೆ ಸುಮಾರು 15 ಪೌಂಡ್. ಅದು ಕರಗಿ ಕಾರ್ಬನ್ ಡೈಆಕ್ಸೈಡ್ ಆಗಿ ಆಮ್ಲಜನಕವನ್ನು ಹೊರಗೆ ದೂಡುತ್ತೆ. ಅಗ್ನಿಶಾಮಕ ಇಲಾಖೆಯ ಇನ್ಸ್‌ಪೆಕ್ಟರ್ ಮೀಟರ್ ಇಳಿಸಿ ನೋಡಿ ತಲೆ ಆಡಿಸುವ ತನಕ ಕ್ರೇನ್ ಕೊಕ್ಕೆ ಹಾಕುವ ಹಾಗಿಲ್ಲ. ಎತ್ತಿದಮೇಲೆ ಟ್ಯಾಂಕಿನ ಹೊಟ್ಟೆ ನೋಡಬೇಕು ನೀವು. ಡಿಪ್ ರಾಡ್ ದಿನಾ ಬಂದು ಕುಟ್ಟಿದ ಜಾಗದಲ್ಲೇ ತೂತು ಬಿದ್ದಿದ್ದನ್ನು ನಾನು ನೋಡಿದ್ದೇನೆ.

ಬಂಕ್‌ರಾಯ

ಅಯ್ಯೋ. ಹದಿನೆಂಟು ವರ್ಷದವನಾಗಿದ್ದಾಗ ನಾನು ರಾಡ್ ಅನ್ನು ದಡ್ ಅಂತ ಬಿಡುತ್ತಿದ್ದೆ. ಅಪ್ಪ ಬೈಯುತ್ತಿದ್ದರು, ರಾಡ್ ಬಾಗುತ್ತೆ ಅಂತ.

ಸೂಕ್ಷ್ಮದರ್ಶಿ

ಅಣ್ಣಾ, ನಿಮ್ಮ ವಿಷಯಕ್ಕೆ ಒಂದು ಮಾತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಹೊಸ ಬಂಕ್‌ಗಳಿಗೆ ನಿಯಮ ತಂದಿದೆ. ಶಾಲೆ, ಆಸ್ಪತ್ರೆ, ಮನೆಗಳಿಂದ 50 ಮೀಟರ್ ದೂರ ಇರಬೇಕು ಅಂತ. ಅದು ಹೊಸದಕ್ಕೆ. ಆದರೆ 2025ರ ಜುಲೈನಲ್ಲಿ ಕಲುಷಿತ ಜಾಗಗಳ ನಿರ್ವಹಣೆಗೇ ಬೇರೆ ನಿಯಮ ಪ್ರಕಟವಾಗಿದೆ. ಕೆಡಿಸಿದವರೇ ಖರ್ಚು ಕೊಡಬೇಕು ಅನ್ನುವುದು ಅದರಲ್ಲಿ ಇದೆ. ರಾಜ್ಯ ಮಂಡಳಿಗೆ ಬರೆಯಿರಿ. ಬರೀ ಪತ್ರ ಬೇಡ, ಲ್ಯಾಬ್ ವರದಿ ಜೊತೆಗೆ.

ಬಂಕ್‌ರಾಯ

ವರದಿ ಮಾಡಿಸುತ್ತೇನೆ. ಮಣ್ಣಿನಮಾತು ಅಕ್ಕ, ಬೋರ್ ನೀರನ್ನು ಬಿಸ್ಲೆರಿ ಬಾಟಲಿಯಲ್ಲಿ ತುಂಬಿಕೊಂಡು ಹೋದರೆ ಆಗುತ್ತಾ? ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಬೇಕು.

ಮಣ್ಣಿನಮಾತು

ಬೇಡ ಬೇಡ. ಪ್ಲಾಸ್ಟಿಕ್ ಬಾಟಲಿ ಬೇಡ, ಅರ್ಧ ಬೆಂಜೀನ್ ದಾರಿಯಲ್ಲೇ ಹೋಗುತ್ತೆ, ವರದಿ ಒಳ್ಳೆಯದಾಗಿ ಬಂದು ಕಂಪನಿಯವರು ನಗುತ್ತಾರೆ. ಲ್ಯಾಬಿಗೆ ಮೊದಲೇ ಫೋನ್ ಮಾಡಿ 40 ಮಿಲಿಲೀಟರಿನ ಗಾಜಿನ ಸೀಸೆ ಕೇಳಿ, ಮೂರು ತಗೊಳ್ಳಿ. ಬೆಂಜೀನ್, ಟಾಲ್ವೀನ್, ಈಥೈಲ್ ಬೆಂಜೀನ್, ಝೈಲೀನ್ ನಾಲ್ಕನ್ನೂ ನೋಡುತ್ತಾರಾ ಅಂತ ಕೇಳಿ. ಮಾಮೂಲಿ ಕುಡಿಯುವ ನೀರಿನ ಪರೀಕ್ಷೆಯಲ್ಲಿ ಇವು ಇರುವುದಿಲ್ಲ.

ಮೋಟಾರ್ ಹತ್ತು ಹದಿನೈದು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಟ್ಯಾಂಕಿನ ನಲ್ಲಿಯಿಂದ ಬೇಡ, ಬೋರಿನ ಬಾಯಿಂದಲೇ ಹಿಡಿಯಿರಿ. ಸೀಸೆ ಓರೆ ಹಿಡಿದು ಗೋಡೆಗುಂಟ ನಿಧಾನಕ್ಕೆ ತುಂಬಿಸಿ. ಒಳಗೆ ಒಂದೆರಡು ಹನಿ ಆಸಿಡ್ ಹಾಕಿಕೊಟ್ಟಿದ್ದರೆ ಅದನ್ನು ಚೆಲ್ಲಬೇಡಿ. ಅಂಚಿನ ಮೇಲೆ ನೀರು ಉಬ್ಬಿ ನಿಲ್ಲುವಷ್ಟು ತುಂಬಿಸಿ ಮುಚ್ಚಳ ಹಾಕಿ. ತಲೆಕೆಳಗೆ ಮಾಡಿ ಬೆರಳಿನಿಂದ ತಟ್ಟಿ ನೋಡಿ. ಗಾಳಿ ಗುಳ್ಳೆ ಕಂಡರೆ ಚೆಲ್ಲಿ ಹೊಸ ಸೀಸೆ ತುಂಬಿ. ಐಸ್ ಡಬ್ಬದಲ್ಲಿ ಇಡಿ. ಬಂಕ್ ಹತ್ತಿರ ಡೀಸೆಲ್ ಹಾಕಿಸಿಕೊಂಡು ಅದೇ ಕೈಯಲ್ಲಿ ಸೀಸೆ ಮುಟ್ಟಬೇಡಿ.

ಬಂಕ್‌ರಾಯ

ಐಸ್ ಡಬ್ಬ ಅಂದರೆ ಐಸ್‌ಕ್ಯಾಂಡಿ ಮಾರುವವನ ಥರ್ಮೋಕೋಲ್ ಡಬ್ಬ ಸಾಕಲ್ವಾ? ಸಂತೆ ದಿನ ಒಂದು ಎರವಲು ಸಿಗುತ್ತೆ.

ಮಣ್ಣಿನಮಾತು

ಧಾರಾಳ ಸಾಕು. ಸೀಸೆ ಒಡೆಯದ ಹಾಗೆ ಬಟ್ಟೆ ಸುತ್ತಿ.